ಬೈಸಿಕೊಳ್ಳಲು ಒಬ್ಬ ಅಧ್ಯಕ್ಷ

ಅರ್ಥಶಾಸ್ತ್ರದಲ್ಲಿ ಬಿ.ಎ. ಪಾಸಾದವನು ಪಣಕಹಳ್ಳಿಯಲ್ಲಿ ನಾನೊಬ್ಬನೇ. ಹಾಗಾಗಿ ದೇಶದ ಬೆಳವಣಿಗೆಯೆಲ್ಲ ನನ್ನ ಜಗುಲಿಯ ಮೇಲೇ ನಿಂತಿದೆ ಎಂದು ಬಹಳ ಕಾಲ ನಂಬಿದ್ದೆ. ಮೈಸೂರಿನ ಪೇಪರು ಬಸ್ಸಿಳಿಯುವಷ್ಟರಲ್ಲಿ ಸುದ್ದಿ ಹಳಸಿರುತ್ತಿತ್ತು. ನನ್ನ ಅಭಿಪ್ರಾಯ ಮಾತ್ರ ಬಿಸಿಯಾಗಿಯೇ ಇರುತ್ತಿತ್ತು.

ನಮ್ಮದು ಘಟ್ಟದ ಮೇಲಿನ ಕನ್ನಡದ ಊರಾದರೂ ಸೇರಿರುವುದು ತಮಿಳು ರಾಜ್ಯಕ್ಕೆ. ಎಪ್ಪತ್ತರ ದಶಕದಿಂದ ಎಷ್ಟೋ ವರ್ಷ ಅಲ್ಲಿ ಪಂಚಾಯತಿ ಚುನಾವಣೆಯೇ ನಡೆಯಲಿಲ್ಲ. ಅಧಿಕಾರವೆಲ್ಲ ಘಟ್ಟದ ಕೆಳಗಿನ ಒಬ್ಬ ಆಫೀಸರ ಕೈಯಲ್ಲಿತ್ತು. ಒಳ್ಳೆಯದೇ ಆಯಿತು, ಓಟಿನ ಗಲಾಟೆಯಿಲ್ಲದೆ ಯೋಜನೆಗಳು ಸರಾಗವಾಗಿ ಸಾಗುತ್ತವೆ ಎಂದು ಸಿಕ್ಕಿದವರಿಗೆಲ್ಲ ಪಾಠ ಹೇಳಿದೆ. ಸರಾಗವಾಗಿಯೇ ಸಾಗಿದವು, ನಮ್ಮೂರಿನ ಕಡೆ ಮಾತ್ರ ಬರಲಿಲ್ಲ. ನಮಗೆ ಬೇಕಿದ್ದದ್ದು ಹಳ್ಳಕ್ಕೊಂದು ಮೋರಿ, ಗಾಡಿ ದಾಟುವಷ್ಟು ಸಣ್ಣ ಸೇತುವೆ. ಮಳೆ ಹಿಡಿದರೆ ಗಾಡಿ ಹಳ್ಳ ದಾಟುತ್ತಿರಲಿಲ್ಲ. ಕೂಲಿ ಮಾಡಿಕೊಂಡು ಆಚೆ ದಡದಲ್ಲಿ ತುಂಡು ನೆಲ ಸಾಗುಮಾಡುತ್ತಿದ್ದ ದೇವಮ್ಮನ ಟೊಮೇಟೊ ಅಲ್ಲೇ ಕೊಳೆಯುತ್ತಿತ್ತು. ಅವಳು ಆಫೀಸರ ಮುಖ ಕಂಡವಳಲ್ಲ, ಆಫೀಸರು ಹಳ್ಳ ಕಂಡವರಲ್ಲ.

ಕೊನೆಗೂ ಚುನಾವಣೆ ಬಂತು. ನಾನೇ ನಿಂತು ಗೆದ್ದು ಅಧ್ಯಕ್ಷನಾದೆ. ಹಾರಗಳನ್ನು ತೆಗೆದ ಮೇಲೂ ಕತ್ತು ಸೆಟೆದುಕೊಂಡೇ ಇತ್ತು. ಮೊದಲ ಮಳೆಯ ಮಾರನೆಯ ದಿನ, ಎಂದೂ ತಲೆಯೆತ್ತಿ ಮಾತಾಡದ ದೇವಮ್ಮ ಅಂಗಳಕ್ಕೆ ಬಂದು ನಿಂತಳು.

"ಬುದ್ಧಿ, ಅಣ್ಣೆಲ್ಲ ಕೊಳೀತಾ ಅದೆ. ನಾವು ಓಟಾಕುದ್ದು ನೀವು ಪೇಪರ್ ಓದ್ಕಂಡು ಕೂತ್ಕಳಿ ಅಂತನಾ?"

ನಾನು ಹಣದುಬ್ಬರದಿಂದ ಉತ್ತರ ಶುರುಮಾಡಿದೆ. ಅವಳು ಮಾರನೆಯ ದಿನವೂ ಬಂದಳು. ಅವಳನ್ನು ನೋಡಿ ಊರೇ ಬರತೊಡಗಿತು. ಕೊಟ್ಟಿಗೆಯಲ್ಲಿ ಅವಿತರೆ ನನ್ನ ಹೆಂಡತಿಯೇ ಅವರಿಗೆ ದಾರಿ ತೋರಿಸುತ್ತಿದ್ದಳು. ನೆಮ್ಮದಿಯಾಗಿ ಒಂದು ಲೋಟ ಕಾಫಿ ಕುಡಿಯಲಾಗದೆ, ತಮಿಳಿನಲ್ಲಿ 'ಮನು' ಬರೆಸಿಕೊಂಡು, ಆ ಅರ್ಜಿ ಹಿಡಿದು ಘಟ್ಟ ಇಳಿದೆ. ಆಫೀಸಿನವರು ಆಮೇಲೆ ಬಾ ಎಂದಾಗಲೆಲ್ಲ ಮತ್ತೆ ಇಳಿದೆ. ಬಸ್ಸಿನ ಪ್ರತಿ ತಿರುವಿನಲ್ಲೂ ದೇಶದ ಬೆಳವಣಿಗೆಗಾಗಿ ವಾಂತಿ ಮಾಡಿಕೊಂಡೆ. ಮೋರಿ ಆದದ್ದು ನನ್ನ ದೂರದೃಷ್ಟಿಯಿಂದಲ್ಲ, ಬೈಗುಳದ ಭಯದಿಂದ.

ಮುಂದಿನ ಮಳೆಗಾಲದಲ್ಲಿ ಟೊಮೇಟೊ ಗಾಡಿ ಹಳ್ಳ ದಾಟಿ ಸಂತೆ ಸೇರಿತು. ದೇವಮ್ಮ ಹೊಗಳಲು ಬರುತ್ತಾಳೆಂದು ಇಸ್ತ್ರಿ ಅಂಗಿ ತೊಟ್ಟು ಕೂತೆ. ಬಂದಳು. ಆದರೆ ಅಂಗಳದಲ್ಲಿ ನಿಲ್ಲಲಿಲ್ಲ. ಅವಳ ಕೇರಿಯವರು ಯಾರೂ ಅದುವರೆಗೆ ನಮ್ಮ ಜಗುಲಿಯ ಮೇಲೆ ಕೂತವರಲ್ಲ. ಅವಳು ಕುಕ್ಕೆ ಇಳಿಸಿ ಕೂತೇಬಿಟ್ಟಳು.

"ಮೋರಿ ಆಯ್ತು. ನಮ್ಮ ಕೇರಿಗೆ ಕರೆಂಟು ಯಾವಾಗ?"

ಈ ಸಲ 'ಬುದ್ಧಿ' ಅನ್ನಲಿಲ್ಲ. ಸುಳ್ಳೇಕೆ, ಮೊದಲು ನನ್ನ ಮುಖ ಸಣ್ಣದಾಯಿತು. ಆಮೇಲೆ ಯಾಕೋ ಹಾರ ಬಿದ್ದ ದಿನಕ್ಕಿಂತ ಹೆಚ್ಚು ಖುಷಿಯಾಯಿತು. ಅವಳ ಕುಕ್ಕೆಗೂ ಜಾಗವಾಗಲೆಂದು ನಾನು ಸ್ವಲ್ಪ ಸರಿದು ಕೂತೆ.