ತಣ್ಣಗಿರು ಮಗ

ಕೆಂಪರಾಜು ಸತ್ತದ್ದು ಚಳಿಗೆ. ಹುಟ್ಟಿದ್ದು ಮಳವಳ್ಳಿ ಸೀಮೆಯ ಬಿಸಿಲಲ್ಲಿ.

ಬ್ಲಫ್‌ನ ಜಲಪಾತದಿಂದ ಕೆಳಗೆ, ಕಾವೇರಿ ದಂಡೆಯಲ್ಲಿ ಅವನ ಊರು. ಅಪ್ಪ ತೆಪ್ಪ ಹಾಕಿ ಈ ದಡದವರನ್ನು ಆ ದಡಕ್ಕೆ ದಾಟಿಸುತ್ತಿದ್ದ. ಆತ ಕಣ್ಣು ಮುಚ್ಚಿದ ಮೇಲೆ ತೆಪ್ಪದ ಹುಟ್ಟು ಮಗನ ಕೈಗೆ ಬಂತು. ಆಗಿನ್ನೂ ಮೀಸೆ ಚಿಗುರುತ್ತಿತ್ತು. ಅವನು ತೆಪ್ಪ ನೂಕಿದಾಗಲೆಲ್ಲ ಅವ್ವ ಮಾಯಮ್ಮ ದಂಡೆಗೆ ಬಂದು ನಿಂತು ಒಂದೇ ಮಾತು ಹೇಳುತ್ತಿದ್ದಳು.

“ತಣ್ಣಗಿರು ಮಗ.”

ಈ ಕಡೆ ಹರಸುವುದೇ ಹಾಗೆ. ನೀರು ಕೊಟ್ಟವರಿಗೆ, ಅನ್ನ ಇಕ್ಕಿದವರಿಗೆ, ಗಂಡನ ಮನೆಗೆ ಹೊರಟ ಹೆಣ್ಣಿಗೆ, ಎಲ್ಲರಿಗೂ ಹೊಟ್ಟೆ ತಣ್ಣಗಿರಲಿ ಅನ್ನುತ್ತಾರೆ. ಬಂಡೆ ಕಾದು ಅಂಗಾಲು ಸುಡುವ ಸೀಮೆ. ತಂಪಿಗಿಂತ ದೊಡ್ಡದನ್ನು ಬೇಡಿಕೊಳ್ಳಲು ಇಲ್ಲಿ ಯಾರಿಗೂ ತಿಳಿಯದು.

ಸೇತುವೆ ಮೇಲೆ ಬಸ್ಸು ಓಡಾಡತೊಡಗಿ ತೆಪ್ಪಕ್ಕೆ ಜನ ಇಲ್ಲದಾದರು. ಕೆಂಪರಾಜು ಗೋವಾಕ್ಕೆ ಹೋದ. ಮೊದಲು ದೋಣಿಗಳಿಗೆ ಬಣ್ಣ ಬಳಿದ. ಆಮೇಲೆ ಹಗ್ಗ ಹಿಡಿದ. ಆಮೇಲೆ ಹಾಯಿ ಏರಿಸುವುದು, ಇಳಿಸುವುದು, ಗಾಳಿ ನೋಡಿ ತಿರುಗಿಸುವುದು ಕಲಿತ. ಗಾಳಿಯಿಂದಲೇ ಓಡುವ ದೋಣಿ ಅದು. ದಡ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಊರಿಂದ ಊರಿಗೆ ಹೋಗುವುದು. ಗೋವಾದಿಂದ ಕಾರವಾರ, ಕಾರವಾರದಿಂದ ಮಲ್ಪೆ.

ನಾಗಶ್ರೀ ಅವನನ್ನು ಮದುವೆಯಾದದ್ದು ಆಗ. ಯಲಿಯೂರಿನವಳು, ರೈಲು ನೋಡಿಕೊಂಡು ಬೆಳೆದವಳು. ನೀರು ಅಂದರೆ ಅವಳಿಗೆ ನಾಲೆ.

“ಆ ಸಮುದ್ರ ಯಾವ ಕಡೀಕ್ ಅರೀತದೆ?” ಎಂದು ಕೇಳಿದಳು.

“ಯಾವ ಕಡೀಕೂ ಅರಿಯಕಿಲ್ಲ ಕಣಮ್ಮಿ. ನಿಂತಲ್ಲೇ ಒದ್ದಾಡ್ತದೆ.”

“ಮತ್ತೆ ನೀವೆಂಗ್ ಓಗದು?”

“ನಾವೂ ಒದ್ದಾಡ್ಕಂಡೇ ಓಗದು.”

ಮಗಳು ಪ್ರಿಯಾಂಕ ಹುಟ್ಟಿ ಶಾಲೆಗೆ ಹೋಗುವ ಹೊತ್ತಿಗೆ ಗೋವಾದಲ್ಲಿ ಒಬ್ಬ ಬಿಳಿ ಗಡ್ಡದ ಮುದುಕ ಸಿಕ್ಕಿದ. ನಾರ್ವೆ ದೇಶದವನು. ಕೆಂಪರಾಜುವಿನ ಕೆಲಸ ಅವನ ಮನಸ್ಸಿಗೆ ಬಂತು. ತನ್ನ ದೇಶದಲ್ಲಿರುವ ಹಾಯಿದೋಣಿಗೆ ಕರೆದುಕೊಂಡು ಹೋದ. ಅಲ್ಲಿಯ ಬೇಸಿಗೆಗೆ ಹೋಗುವುದು, ಇಲ್ಲಿಯ ಮಾಗಿಗೆ ಮನೆಗೆ ಬರುವುದು. ಹಾಗೆ ಎಷ್ಟೋ ವರ್ಷ ನಡೆಯಿತು.

ಬಂದಾಗ ಜಗಲಿ ತುಂಬ ಅವನದೇ ಮಾತು. ಬೇಸಿಗೆಯಲ್ಲಿ ಅಲ್ಲಿ ರಾತ್ರಿಯೂ ಹೊತ್ತು ಮುಳುಗುವುದಿಲ್ಲ ಎಂದ.

“ಮತ್ತೆ ಕೋಳಿ ಯಾವಾಗ ಕೂಗ್ತದ್ಲಾ?” ಎಂದಳು ಮಾಯಮ್ಮ.

“ಕೂಗ್ ಕೂಗಿ ಗಂಟ್ಲು ಕಟ್ಕಂಡ್ ಸತ್ತೋಯ್ತವೆ ಕಣವ್ವ.”

“ಥೂ, ಸುಳ್ಬುರ್ಕ ನನ್ಮಗ್ನೆ.”

ನಾಗಶ್ರೀ ಅಂಗಳದಲ್ಲಿ ಸೀರೆ ಒಣಗಲು ಹಾಕಿದ್ದಳು. ಹೊಳೆ ಕಡೆಯಿಂದ ಗಾಳಿ ಬಂದು ಸೀರೆ ಉಬ್ಬಿತು. ಅವನು ಎದ್ದುಹೋಗಿ ಅದರ ತುದಿ ಹಿಡಿದ.

“ನೋಡ್ ಬಾ ಇಲ್ಲಿ. ಹಾಯಿ ಅಂದ್ರೆ ಇದೇಯ. ಇಲ್ಲಿ ಗಾಳಿ ಬಿಸಿ, ಅಗುರ. ಅಲ್ಲಿ ಗಾಳಿ ತಣ್ಣಗೆ, ತೂಕ. ಅಷ್ಟೇ ಜೋರಾಗ್ ಬೀಸಿದ್ರೂವೆ ಇಲ್ಲಿ ಕೆನ್ನೆಗ್ ಒಡ್ದಂಗೆ, ಅಲ್ಲಿ ದೊಣ್ಣೇಲ್ ಒಡ್ದಂಗೆ.”

“ಸೀರೆ ಅರೀತೀರ, ಬುಡಿ.”

“ಗೋವಾದಲ್ಲಿ ಬಿಸ್ಲು ತಿಂತದೆ, ದಾಹ ತಿಂತದೆ. ದೋಣಿ ತಳುಕ್ಕೆ ಚಿಪ್ಪು ಕಟ್ಕತದೆ, ಕೆರ್ದು ಕೆರ್ದು ಸಾಕಾಯ್ತದೆ. ಆದ್ರೆ ನೀರು ಒಳ್ಳೇದು. ಯಾರಾದ್ರೂ ಬಿದ್ರೆ ಎಲ್ಲಾ ನಗ್ತೀವಿ. ಅವ್ನೂ ನಗ್ತಾ ದೋಣಿ ಅತ್ಕಂಡ್ ಬತ್ತಾನೆ.”

“ಅಲ್ಲಿ?”

ಅವನು ಸೀರೆಯ ತುದಿ ಬಿಟ್ಟ. “ಅಲ್ಲಿ ಬಿದ್ರೆ ಯಾರೂ ನಗಕಿಲ್ಲ.”

ಮತ್ತೆ ಹೊರಟ ದಿನ ಮಾಯಮ್ಮ ಬಾಗಿಲಿಗೆ ಬಂದು ತಲೆ ಸವರಿ ಅದೇ ಮಾತು ಹೇಳಿದಳು. ಅವನು ನಕ್ಕ.

“ಅವ್ವ, ಅಲ್ಲಿಗ್ ಓಗೋನ್ಗೆ ತಣ್ಣಗಿರು ಅಂದ್ರೆ ಸಾಯಿ ಅಂದಂಗೆ. ಬೆಚ್ಚಗಿರು ಅನ್ನು.”

“ಬುಡ್ತು ಅನ್ಲಾ! ಬೆಚ್ಚಗಿರು ಅಂತ ಯಾರಾರ ಅರಸ್ತಾರ? ಜರ ಬಂದೋರಂಗೆ!”

“ಅಂಗಾರೆ ನಿನ್ನಿಷ್ಟ. ಬತ್ತೀನಿ.”

ಪ್ರತಿ ಸಲ ಹೀಗೆಯೇ. ಅವನು ಹಾಗೆ ರೇಗಿಸುವುದು, ಅವಳು ಹೀಗೆ ಬೈಯುವುದು. ಅದಿಲ್ಲದೆ ಬಸ್ಸು ಹತ್ತಿದ್ದೇ ಇಲ್ಲ.

ಕಳೆದ ವರ್ಷ ಅಲ್ಲಿಯ ಬೇಸಿಗೆ ಮುಗಿದರೂ ಅವನು ಬರಲಿಲ್ಲ. ದೋಣಿಯನ್ನು ಬೇರೆ ಊರಿನ ರೇವಿಗೆ ಮುಟ್ಟಿಸಿ ಹೊರಡುತ್ತೇನೆ ಎಂದು ಫೋನು ಮಾಡಿದ. ಫೋನು ಮಾಯಮ್ಮನ ಕೈಗೆ ಹೋಯಿತು. ಅವಳು ಉಂಡೆಯಾ ಎಂದು ಕೇಳಿದಳು. ಕೊನೆಗೆ ಯಾವಾಗಲೂ ಹೇಳುವುದನ್ನು ಹೇಳಿ ಫೋನು ಕೊಟ್ಟಳು.

ಮಾರನೆಯ ದಿನ ಅವನು ನೀರಿಗೆ ಬಿದ್ದ.

ಆ ಮುದುಕ ಅಳುತ್ತಾ ಫೋನು ಮಾಡಿದ. ಪ್ರಿಯಾಂಕ ಮಳವಳ್ಳಿಯಲ್ಲಿ ಕಾಲೇಜಿಗೆ ಹೋಗುತ್ತಾಳೆ, ಅವಳಿಗೆ ಅವನ ಇಂಗ್ಲಿಷು ಅರ್ಥವಾಯಿತು. ಕೇಳಿಸಿಕೊಂಡಷ್ಟನ್ನು ಅವ್ವನಿಗೂ ಅಜ್ಜಿಗೂ ಹೇಳಿದಳು. ದೋಣಿಯ ಮುಂದೆ ಹಗ್ಗ ಸಿಕ್ಕಿಕೊಂಡಿತ್ತಂತೆ. ಬಿಡಿಸಲು ಹೋದನಂತೆ. ಅತ್ತ ದಾಟುವಾಗ, ಬೀಳದ ಹಾಗೆ ದೋಣಿಗೆ ಬಿಗಿದಿದ್ದ ಸೊಂಟದ ಕೊಕ್ಕೆ ಬಿಚ್ಚಿದ್ದನಂತೆ. ಅಷ್ಟರಲ್ಲಿ ಅಲೆ ಬಂತಂತೆ.

“ದೋಣಿ ತಿರುಗ್ಸಿ ಬೇಗ್ನೆ ಬಂದ್ರಂತೆ ಕಣವ್ವ. ಅಗ್ಗ ಎಸುದ್ರಂತೆ. ಅಪ್ಪನ್ ಕೈಗೆ ಸಿಕ್ತಂತೆ.”

“ಸಿಕ್ತಾ?”

“ಸಿಕ್ತಂತೆ. ಬೆರಳು ಮಡಿಚ್ಕೊಳ್ಳಿಲ್ವಂತೆ.”

ಹಗ್ಗ ಹಿಡಿದೇ ಬದುಕಿದ ಕೈ. ಅವನು ಈಜು ಬಾರದವನಲ್ಲ, ಹೊಳೆಯಲ್ಲೇ ಹುಟ್ಟಿದವನು. ಆ ನೀರಿನಲ್ಲಿ ಈಜು ಬಂದರೂ ಒಂದೇ, ಬಾರದಿದ್ದರೂ ಒಂದೇ.

ಮಾಯಮ್ಮ ಜಗಲಿಯ ಮೇಲಿಂದ ಕೆಳಗಿಳಿದು ಮಣ್ಣಲ್ಲಿ ಕುಳಿತಳು. “ನನ್ ಬಾಯ್ಗೆ ಮಣ್ಣಾಕ. ನಾನೇ ಅಂದ್ನಲ್ಲ,” ಎಂದಳು. ಆಮೇಲೆ ಬಾಯಿ ಬಿಡಲಿಲ್ಲ. ಗಂಜಿಗೂ ಬಿಡಲಿಲ್ಲ, ಮಾತಿಗೂ ಬಿಡಲಿಲ್ಲ.

ನೀನಲ್ಲ ಎಂದು ನಾಗಶ್ರೀ ಹೇಳಲಿಲ್ಲ.

ಹೆಣ ಬರಲು ಬಹಳ ದಿನ ಹಿಡಿಯಿತು. ಅಷ್ಟು ದಿನವೂ ಮುದುಕಿಯ ಬಾಯಿಗೆ ಪ್ರಿಯಾಂಕಳೇ ಚಮಚದಲ್ಲಿ ಗಂಜಿಯ ತಿಳಿ ಬಿಟ್ಟಳು. ಹೀಗೇ ಆದರೆ ಇನ್ನೊಂದು ಹೆಣ ಏಳುತ್ತದೆ ಎಂದು ಬಂದವರೆಲ್ಲ ಹೇಳಿ ಹೋದರು. ನಾಗಶ್ರೀ ಕೇಳಿಸಿಕೊಂಡಳು, ಅತ್ತೆಯ ಹತ್ತಿರ ಹೋಗಲಿಲ್ಲ.

ಬೆಂಗಳೂರಿನಿಂದ ಮದ್ದೂರು ಹಾದು ಆಂಬುಲೆನ್ಸ್ ಬಂತು. ಕೆಂಪರಾಜುವಿನ ದೊಡ್ಡಪ್ಪ ಮರಿಸಿದ್ದಯ್ಯ ಮಳವಳ್ಳಿಯಿಂದ ಕರೆಂಟಿನ ಐಸ್ ಪೆಟ್ಟಿಗೆ ತರಿಸಿ ಅಂಗಳದಲ್ಲಿ ಇಡಿಸಿದ್ದ. ನೆಂಟರು ಬಂದು ನೋಡುವವರೆಗೆ ಇರಲಿ ಎಂದು. ನಾಗಶ್ರೀ ಹೋಗಿ ಅದರ ವೈರು ಕಿತ್ತಳು.

“ಇದ್ರೊಳಕ್ ಬ್ಯಾಡ. ಬಿಸ್ಲಲ್ ಮಲುಗ್ಸಿ.”

“ಎಣನ ಬಿಸ್ಲಿಗ್ ಆಕ್ತಾರೇನಮ್ಮ ಯಾರಾರ?”

“ನಾನ್ ಆಕ್ತೀನಿ.”

ಚಾಪೆ ಹಾಸಿ ಬಿಸಿಲಲ್ಲೇ ಮಲಗಿಸಿದರು. ಅವಳು ಪಕ್ಕದಲ್ಲಿ ಕುಳಿತು ಅವನ ಅಂಗೈ ಉಜ್ಜಿದಳು. ಬೆರಳುಗಳು ಅರ್ಧ ಬಾಗಿ ನಿಂತಿದ್ದವು. ತನ್ನ ತೋರುಬೆರಳನ್ನು ಅದರೊಳಗೆ ಇಟ್ಟು ನೋಡಿದಳು. ಅವು ಮುಚ್ಚಲಿಲ್ಲ. ಮಾಯಮ್ಮ ದೂರದಲ್ಲೇ ಗೋಡೆಗೆ ಒರಗಿದ್ದಳು. ಹತ್ತಿರ ಬರಲಿಲ್ಲ. ಹೊಳೆ ಕಾಣುವ ದಿಣ್ಣೆಯಲ್ಲಿ ಮಣ್ಣು ಮಾಡಿದರು.

ಮೂರನೆಯ ದಿನ ಹಾಲುತುಪ್ಪ. ನೊಂದು ಹೋದ ಜೀವ ತಂಪಾಗಲಿ ಎಂದು ಮಣ್ಣು ಮಾಡಿದ ಗುಡ್ಡೆಯ ಮೇಲೆ ಬಿಡುವ ಹಾಲು, ಹಸಿಯದೇ ಆಗಬೇಕು. ಮರಿಸಿದ್ದಯ್ಯ ಒಳಗೆ ಬಂದಾಗ ಒಲೆ ಮೇಲೆ ಹಾಲು ಉಕ್ಕುತ್ತಿತ್ತು.

“ಇದೇನವ್ವ? ಗುಡ್ಡೆಗ್ ಬುಡೋ ಆಲ್ನ ಕಾಯಿಸ್ತಾರ?”

“ಕಾಯಿಸ್ತಿವ್ನಿ ಮಾವ.”

“ತಂಪಾಗ್ಲಿ ಅಂತ ಬುಡದು ಕಣಮ್ಮ ಅದು.”

“ತಂಪಾಗವ್ರೆ. ಇನ್ನೆಷ್ಟ್ ತಂಪ್ ಮಾಡೀರಿ?”

“ಊರ್ನೋರ್ ಏನಂದಾರು?”

“ಊರ್ನೋರು ಬಂದು ಅವ್ರ ಕೈ ಮುಟ್ಟಿದ್ರಾ?”

ಮರಿಸಿದ್ದಯ್ಯ ಮೂಲೆಯ ಕಡೆ ತಿರುಗಿದ. “ಮಾಯಮ್ಮ, ಎತ್ತೋಳು ನೀನು. ನೀನಾರ ಯೋಳು.”

ಮಾಯಮ್ಮ ಗೋಡೆ ಹಿಡಿದು ಎದ್ದಳು. ಬಂದು ಒಲೆ ಮುಂದೆ ನಿಂತಳು. ಹಾಲಿನ ಪಾತ್ರೆ ಇಳಿಸಿ, ಮುಚ್ಚಳ ಮುಚ್ಚಿ, ಸೆರಗಿನೊಳಗೆ ಹೊಟ್ಟೆಗೆ ಅವುಚಿಕೊಂಡಳು. ಅದನ್ನು ಹೊತ್ತೇ ಬಾಗಿಲು ದಾಟಿದಳು. ಮರಿಸಿದ್ದಯ್ಯ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹಿಂದೆ ನಡೆದ.

ದಿಣ್ಣೆ ದೂರ. ಹೊಳೆಯ ಗಾಳಿ ಎದುರಿಗೆ ಬೀಸುತ್ತಿತ್ತು.

“ಅತ್ತೆ, ಕೊಡಿ ಇಲ್ಲಿ. ಸುಡ್ತದೆ,” ಎಂದಳು ಜೊತೆಗೆ ಬಂದ ನಾಗಶ್ರೀ.

ಕೊಡಲಿಲ್ಲ. ಪಾತ್ರೆಗೆ ಗಾಳಿ ತಾಕದ ಹಾಗೆ ಬೆನ್ನು ಬಗ್ಗಿಸಿಕೊಂಡು ನಡೆದಳು.

ಗುಡ್ಡೆಯ ಹತ್ತಿರ ಮುಚ್ಚಳ ತೆಗೆದಾಗ ಹಾಲಿನಿಂದ ಇನ್ನೂ ಆವಿ ಏಳುತ್ತಿತ್ತು. ಎದೆಯಿರುವ ಕಡೆ ಸುರಿದಳು, ಕೈಯಿರುವ ಕಡೆ ಸುರಿದಳು. ಮಣ್ಣು ಹೀರಿತು. ಮಾಯಮ್ಮನ ತುಟಿ ಅಲುಗಿತು. ಹುಟ್ಟಿದಾಗಿನಿಂದ ಮಗನಿಗೆ ಹೇಳಿದ ಮಾತು, ನಾಲಿಗೆಗೆ ಬೇರೆ ಗೊತ್ತಿಲ್ಲ. “ತ...” ಎಂದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸೊಸೆಯ ಮುಖ ನೋಡಿದಳು.

ನಾಗಶ್ರೀ ಅವಳ ಕೈಯನ್ನು ಬಾಯಿಂದ ಇಳಿಸಿದಳು.

“ಬೆಚ್ಚಗಿರು ಅನ್ನಿ ಅತ್ತೆ. ಅವ್ರೇ ಯೋಳ್ಕೊಟ್ಟಿದ್ರಲ್ಲ.”

“ಬೆಚ್ಚಗಿರು,” ಎಂದಳು ಮಾಯಮ್ಮ. “ಬೆಚ್ಚಗಿರು ಮಗ.”

ಮನೆಗೆ ಬಂದ ಮೇಲೆ ನಾಗಶ್ರೀ ಅತ್ತೆಯ ಸೆರಗು ಸರಿಸಿ ನೋಡಿದಳು. ಹೊಟ್ಟೆಯ ಮೇಲೆ ಪಾತ್ರೆಯ ತಳದಷ್ಟು ಅಗಲ ಬೆಂದು ಗುಳ್ಳೆ ಎದ್ದಿತ್ತು. ಕೆಂಪರಾಜು ಇದ್ದ ಹೊಟ್ಟೆ. ಬೆಣ್ಣೆ ತಂದು ಮೆಲ್ಲಗೆ ಸವರಿದಳು. ಮತ್ತೆ ಮತ್ತೆ ಸವರಿದಳು. ಸವರುತ್ತಾ ಅಭ್ಯಾಸಬಲದಿಂದ ಬಾಯಿಗೆ ಬಂದುಬಿಟ್ಟಿತು.

“ತಣ್ಣಗಾಯ್ತಾ ಅತ್ತೆ?”

ಅವಳ ಬೆರಳು ಅಲ್ಲೇ ನಿಂತಿತು.

“ಇಲ್ಲ ಕಣವ್ವ,” ಎಂದಳು ಮಾಯಮ್ಮ. “ಇನ್ನಾಗಕಿಲ್ಲ ಬುಡು.”