ಕಾವಲುಗಾರರಿಗೆ ದೆವ್ವ ಆರಿಸಿ ಕೊಡುವ ಬಸವಣ್ಣೆಪ್ಪ

ಬೈಲಹೊಂಗಲ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬೆಳಗಿನ ಐದೂವರೆ. ಚಹದಂಗಡಿಯ ಸ್ಟೋ ಈಗಷ್ಟೇ ಸದ್ದು ಮಾಡತೊಡಗಿದೆ. ಬಾಗಿಲು ಅರ್ಧ ತೆರೆದ ಗಡಿಯಾರ ರಿಪೇರಿ ಅಂಗಡಿಯಲ್ಲಿ ಐವತ್ತೆಂಟರ ಬಸವಣ್ಣೆಪ್ಪ ಗೋಡೆಗೆ ಬೆನ್ನು ಕೊಟ್ಟು, ಮುಖವನ್ನು ರಸ್ತೆಯ ಕಡೆ ಮಾಡಿ ಸ್ಟೂಲಿನ ಮೇಲೆ ಕುಳಿತಿದ್ದಾರೆ. ಕೈಯಲ್ಲಿ ಅಂಗೈಯಗಲದ ವಿಡಿಯೋ ಗೇಮ್ ಡಬ್ಬಿ. ಅದರೊಳಗೆ ಒಂದು ಪಾಳು ಬಾವಿ. ಬಾವಿಯಿಂದ ಒಂದು ಕೈ ಮೇಲೆ ಬರುತ್ತದೆ. ಬಸವಣ್ಣೆಪ್ಪನವರ ಬಲಗಾಲು ಸ್ಟೂಲಿನ ಮೇಲೆ ಬರುತ್ತದೆ. ಇನ್ನೊಂದು ಕೈ ಬರುತ್ತದೆ, ಎಡಗಾಲೂ ಮೇಲೆ ಬರುತ್ತದೆ. ತಲೆ ಕಂಡದ್ದೇ ತಡ, “ಇಂದ್ರವ್ವಾ!” ಎಂಬ ಕೂಗು ಓಣಿಯ ತುದಿಯವರೆಗೆ ಮುಟ್ಟುತ್ತದೆ.

ಅಂಗಡಿಯ ಹಿಂದಿನ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತದೆ.

“ಮೂರು ಚುಕ್ಕಿ ಏನ್ರಿ?”

“ಮೂರು. ಇಟ್ಟಬಿಡು.”

ಹೆಂಡತಿ ಇಂದ್ರವ್ವ ಹಿಟ್ಟಿನ ಕೈಯಲ್ಲೇ ಬಂದು ಡಬ್ಬಿಗೆ ಹಾಕಿದ ಆಟದ ಕ್ಯಾಸೆಟ್ಟಿನ ಬೆನ್ನಿಗೆ ಬಿಳಿ ಬಣ್ಣದ ಮೂರು ಚುಕ್ಕೆ ಇಡುತ್ತಾರೆ. ಅಲ್ಲಿಗೆ ಆ ದೆವ್ವದ ಪರೀಕ್ಷೆ ಮುಗಿಯಿತು.

ಹಿಂದೆ ತಿರುಗಿ ನೋಡುವಂತೆ ಮಾಡಿದ ಆಟಕ್ಕೆ ಒಂದು ಚುಕ್ಕೆ. ಕಾಲು ಮೇಲೆತ್ತಿಸಿದ ಆಟಕ್ಕೆ ಎರಡು. ಇಂದ್ರವ್ವನನ್ನು ಕರೆಸಿದ ಆಟಕ್ಕೆ ಮೂರು. ಇದು ಬಸವಣ್ಣೆಪ್ಪ ತಾವೇ ಕಟ್ಟಿಕೊಂಡ ಅಳತೆ. ಪರೀಕ್ಷೆ ಯಾವಾಗಲೂ ಬೆಳಗಿನ ಜಾವವೇ, ಏಕೆಂದರೆ ಆ ಹೊತ್ತಿಗೆ ರಸ್ತೆಯಲ್ಲಿ ಹಾಲಿನವರು ಓಡಾಡುತ್ತಿರುತ್ತಾರೆ. ಇಷ್ಟು ಹೆದರುವ ಮನುಷ್ಯ ಈ ಕೆಲಸಕ್ಕೆ ಕೈ ಹಾಕಿದ್ದೇಕೆ ಎಂದರೆ ಅವರಿಗೇ ಆಶ್ಚರ್ಯ. “ಧೈರ್ಯದಾಂವಗ ಏನ ತಿಳೀತೈತ್ರಿ? ಅಂವಗ ಎಲ್ಲಾ ಆಟಾನೂ ಒಂದ. ಖಾರದ ರುಚಿ ಹೇಳಾಕ ನಾಲಿಗಿ ಉರೀಬೇಕಲ್ರಿ.”

ಅವರ ಗಿರಾಕಿಗಳು ಮಕ್ಕಳಲ್ಲ. ಹತ್ತಿ ಗೋದಾಮಿನ ಕಾವಲುಗಾರರು, ಲಾಡ್ಜಿನ ಗುಮಾಸ್ತರು, ದವಾಖಾನೆಯ ರಾತ್ರಿ ಪಾಳಿಯವರು, ಹೀಗೆ ಊರು ಮಲಗಿದಾಗ ಎಚ್ಚರವಿರಬೇಕಾದವರು. ಸಂಜೆ ಡಬ್ಬಿ ಒಯ್ದು ಬೆಳಿಗ್ಗೆ ತಂದು ಕೊಡುತ್ತಾರೆ. ಸವದತ್ತಿ, ಕಿತ್ತೂರಿನವರು ಬಸ್ ಕಂಡಕ್ಟರರ ಕೈಯಲ್ಲಿ ಚೀಟಿ ಕಳಿಸುತ್ತಾರೆ: “ಕಾಕಾರ, ನಿದ್ದಿ ಭಾಳ ಐತಿ, ಎರಡು ಚುಕ್ಕಿದ ಕೊಟ್ಟ ಕಳಸ್ರಿ.” ಹದಿನಾಲ್ಕು ಡಬ್ಬಿ, ಅರವತ್ತು ಚಿಲ್ಲರೆ ಕ್ಯಾಸೆಟ್ಟು, ಅದರಲ್ಲಿ ದೆವ್ವದವು ಇಪ್ಪತ್ತೆರಡು. ಬೆಳಗಿನ ಆರರಿಂದ ಏಳರವರೆಗೆ ಹತ್ತು ಹನ್ನೆರಡು ಜನ ಕೆಂಪು ಕಣ್ಣಿನವರು ಅಂಗಡಿಯ ಮುಂದೆ ನಿಂತು ತಮ್ಮ ತಮ್ಮ ದೆವ್ವದ ಸುದ್ದಿ ಹೇಳುತ್ತಾರೆ. ಹೋದ ಹತ್ತಿ ಸುಗ್ಗಿಯಲ್ಲಿ ಮಾತ್ರ ಈ ಚುಕ್ಕೆಗಳ ಮೇಲೆ ಒಬ್ಬನ ನೌಕರಿಯೇ ನಿಂತಿತ್ತು. ಆ ಕಥೆಗೆ ಮುಂದೆ ಬರೋಣ.

ಬಸವಣ್ಣೆಪ್ಪ ಮೂಲತಃ ರಾಮದುರ್ಗದವರು. ಮೂರನೇ ಇಯತ್ತೆಗೆ ಶಾಲೆ ಬಿಟ್ಟು ಸೋದರಮಾವನ ಬಳಿ ಗಡಿಯಾರ ಬಿಚ್ಚುವುದನ್ನು ಕಲಿತರು. ಬೈಲಹೊಂಗಲಕ್ಕೆ ಬಂದು ಅಂಗಡಿ ಹಾಕಿದ್ದು 1991ರಲ್ಲಿ. ಆಗ ಮದುವೆಯಲ್ಲಿ ಅಳಿಯನಿಗೆ ಕೀಲಿ ಕೊಡುವ ಗಡಿಯಾರ ಕೊಡುತ್ತಿದ್ದ ಕಾಲ. ಅಳಿಯಂದಿರು ಅದನ್ನು ಕಟ್ಟಿಕೊಂಡೇ ಈಜಲು ಬಾವಿಗೆ ಇಳಿಯುತ್ತಿದ್ದರು, ಅಂಗಡಿಗೂ ಕೈತುಂಬ ಕೆಲಸವಿತ್ತು. ಆಮೇಲೆ ಸೆಲ್ಲಿನ ಅಗ್ಗದ ಗಡಿಯಾರ ಬಂದವು. ಕೆಟ್ಟರೆ ರಿಪೇರಿ ಇಲ್ಲ, ಎಸೆಯುವುದು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಇಡೀ ದಿನ ರಸ್ತೆ ನೋಡುತ್ತ ಕುಳಿತ ದಿನಗಳು ಅವರಿಗೆ ಚೆನ್ನಾಗಿ ನೆನಪಿವೆ.

1999ರಲ್ಲಿ ರಜೆಗೆ ಬಂದಿದ್ದ ಕಿತ್ತೂರಿನ ಸೈನಿಕನೊಬ್ಬ ಕೆಟ್ಟ ಗೇಮ್ ಡಬ್ಬಿಯೊಂದನ್ನು ರಿಪೇರಿಗೆ ಕೊಟ್ಟು ಹೋದ. ಮರುವರ್ಷ ಬಂದಾಗ “ಅದು ನಿಮ್ಮಲ್ಲೇ ಇರಲಿ” ಎಂದುಬಿಟ್ಟ. ತಂತಿಯ ತುದಿ ಬೆಸೆದು ಚಾಲೂ ಮಾಡಿದರೆ ಒಳಗಿನಿಂದ ಬೋಳು ತಲೆಯ ಒಂದು ಆಕೃತಿ ಮೈಮೇಲೆ ಬಂದಂತಾಯಿತು. ಇಂದ್ರವ್ವನಿಗೆ ಬಂದ ಮೊದಲ ಕರೆ ಅದು. ಹೊರಗೆ ಬೀಡಿ ಹಚ್ಚುತ್ತ ನಿಂತಿದ್ದ ಗೋದಾಮಿನ ಕಾವಲುಗಾರನೊಬ್ಬ ಒಳಗೆ ಇಣುಕಿ ಕೇಳಿದ: “ಕಾಕಾ, ಅದರಿಂದ ನಿದ್ದಿ ಹಾರತೈತೇನ? ಇವತ್ತೊಂದ ರಾತ್ರಿ ನನಗ ಕೊಡ್ರಿ.” ಅಂದಿನಿಂದ ಬೆಳಗಾವಿಯ ಹಳೇ ಸಾಮಾನಿನ ಅಂಗಡಿಗಳಲ್ಲಿ ಹುಡುಕಿ ಹುಡುಕಿ ಡಬ್ಬಿ, ಕ್ಯಾಸೆಟ್ಟು ತರುವುದು ನಡೆದಿದೆ.

ಆಟಗಳ ಮೇಲಿನ ಇಂಗ್ಲಿಷ್ ಹೆಸರು ಓದಲು ಬರುವುದಿಲ್ಲ. ಅದಕ್ಕೆ ಅವರೇ ಹೆಸರಿಟ್ಟಿದ್ದಾರೆ: ಬಾವ್ಯಾಗಿನಾಕಿ, ಹಡಗದ ಹೆಣ, ಗೊಂಬಿ ಮನಿ. ಯಾರಿಗೆ ಯಾವುದು ಎಂಬುದರಲ್ಲಿ ಅವರು ಬಲು ಕಟ್ಟುನಿಟ್ಟು. ರಕ್ತದೊತ್ತಡದವರಿಗೆ ಒಂದು ಚುಕ್ಕೆಗಿಂತ ಹೆಚ್ಚಿನದು ಇಲ್ಲ. ಹೊಸದಾಗಿ ಮದುವೆಯಾದವರಿಗೆ ಯಾವುದೂ ಇಲ್ಲ. ಅಮಾವಾಸ್ಯೆಯ ದಿನ ಮೂರು ಚುಕ್ಕೆಯವಕ್ಕೆ ರಜೆ.

ಒಬ್ಬಳ ಮುಂದೆ ಮಾತ್ರ ಅವರ ಚುಕ್ಕೆ ನಡೆಯುವುದಿಲ್ಲ. ಹೆರಿಗೆ ದವಾಖಾನೆಯ ನರ್ಸ್ ಬೀರವ್ವನಿಗೆ ಒಮ್ಮೆ ‘ದವಾಖಾನಿ’ ಎಂಬ ಮೂರು ಚುಕ್ಕೆಯ ಆಟ ಕೊಟ್ಟಿದ್ದರು. ಬೆಳಿಗ್ಗೆ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದ ಆಕೆ ಸಿಟ್ಟಿನಲ್ಲಿದ್ದಳು.

“ಹೆದರಿಕಿ ಆತೇನವಾ?”

“ಎದರ ಹೆದರಿಕಿ ಅಣ್ಣಾರ? ಆ ದವಾಖಾನ್ಯಾಗ ನೆಲದ ಫರಸಿ ಯಾರೂ ತೊಳದಿಲ್ಲ. ರಕ್ತ ಬಿದ್ದಲ್ಲೆ ಬಿದ್ದೈತಿ. ಆ ದೆವ್ವದ ನರ್ಸ್ ಒಂದಾಕಿ ಅದಾಳ, ತಲಿಗಿ ಟೊಪ್ಪಿಗಿ ಇಲ್ಲ, ಕೂದಲಾ ಹರವಿಕೊಂಡ ವಾರ್ಡಿನಾಗ ಅಡ್ಡಾಡತಾಳ. ನಮ್ಮ ದೊಡ್ಡ ಡಾಕ್ಟರ್ ಬಾಯಾರ ಕೈಯಾಗ ಸಿಕ್ಕಿದ್ರ ಒಂದ ದಿನಕ್ಕ ನೌಕರಿ ಬಿಡಸತಿದ್ರು.”

ಈಗ ನಿಜಗುಣಪ್ಪನ ಕಥೆ. ಊರ ಹೊರಗೆ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಕಾರ್ಖಾನೆಯೊಂದರ ರಾತ್ರಿ ಕಾವಲುಗಾರ. ನಲವತ್ತೈದರ ಗಟ್ಟಿ ಆಳು, ಮುರಗೋಡದವನು. ಸುಗ್ಗಿಯಲ್ಲಿ ಅಂಗಳದ ತುಂಬ ಹತ್ತಿ, ಒಂದು ಕಿಡಿ ಬಿದ್ದರೆ ಎಲ್ಲವೂ ಬೂದಿ. ನಿಜಗುಣಪ್ಪ ಮಲಗಿದ್ದನ್ನು ಕಾರ್ಖಾನೆಯ ಸಾಹುಕಾರರು ಎರಡು ಸಲ ಕಣ್ಣಾರೆ ಕಂಡಿದ್ದರು. ಮೂರನೆಯ ಸಲ ಕಂಡರೆ ಮನೆಗೇ ಎಂದು ಹೇಳಿಯೂ ಇದ್ದರು. ಮನೆಯಲ್ಲಿ ಐದು ಜನ ಉಣ್ಣುವವರು. ಹೆದರಿಕೊಂಡು ಬಂದವನಿಗೆ ಬಸವಣ್ಣೆಪ್ಪ ತಮ್ಮಲ್ಲಿದ್ದ ಅತಿ ಕಠೋರವಾದ ‘ಗೊಂಬಿ ಮನಿ’ ಕೊಟ್ಟರು. ಇಂದ್ರವ್ವನನ್ನು ಮೂರು ಸಲ ಕರೆಸಿದ ಆಟ ಅದು.

ಮರುದಿನ ನಿಜಗುಣಪ್ಪನ ಕಣ್ಣು ಕೆಂಪಾಗಿರಲಿಲ್ಲ. ಮುಖ ತೊಳೆದ ಹೂವಿನಂತಿತ್ತು.

“ಏನಪಾ ನಿಜಗುಣಾ, ಎಚ್ಚರ ಇದ್ದೇನ?”

“ಕಾಕಾ, ಗೊಂಬಿ ಕಣ್ಣ ತೆರೀತು ನೋಡ್ರಿ, ಎದಿ ಧಸಕ್ ಅಂತು. ಕಂಬಳಿ ತಲಿತುಂಬ ಮುಸುಕ ಹಾಕ್ಕೊಂಡೆ. ಆಮ್ಯಾಲ ಮುಂಜಾನಿ ಮುಕಾದಮನ ಬಂದ ಎಬ್ಬಿಸಿದಾ.”

ಪುಣ್ಯಕ್ಕೆ ಆಳುಗಳ ಮೇಸ್ತ್ರಿಯಾದ ಆ ಮುಕಾದಮ ಒಳ್ಳೆಯವನು, ಸಾಹುಕಾರರಿಗೆ ಹೇಳಲಿಲ್ಲ. ಆದರೆ ಇನ್ನೊಮ್ಮೆ ಮುಚ್ಚಿಡಲಾರೆ ಎಂದಿದ್ದ. ಬಸವಣ್ಣೆಪ್ಪ ಎರಡು ಚುಕ್ಕೆ ಕೊಡಲೇ, ಇನ್ನೂ ಗಟ್ಟಿಯಾದದ್ದನ್ನು ಬೆಳಗಾವಿಯಿಂದ ತರಲೇ ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗ ಮಾತಾಡಿದವರು ಇಂದ್ರವ್ವ.

“ಇವ್ರ ಕೊಟ್ಟಿದ್ದ ತಪ್ಪ. ಸಣ್ಣಾಂವಿದ್ದಾಗ ನಿಮ್ಮವ್ವ ನಿನ್ನ ಹೆಂಗ ಮಲಗಸತಿದ್ಲೋ ತಮ್ಮಾ?”

“ಗುಮ್ಮ ಬಂತು, ಮಲಕೋ ಅಂತಿದ್ಲರಿ.”

“ಮತ್ತ?” ಎಂದು ಇಂದ್ರವ್ವ ಗಂಡನ ಕಡೆ ತಿರುಗಿದರು. “ನಲವತ್ತ ವರ್ಷದ ರೂಢಿ. ಗುಮ್ಮ ಬಂದಕೂಡ್ಲೆ ಮಲಗತಾನ ಅಂವಾ. ನೀವ್ ಅಂವಗ ದೆವ್ವಾ ಕೊಡಾಕತ್ತೀರಿ, ಜೋಗುಳಾ ಹಾಡಿದಂಗ!”

ಇಷ್ಟು ವರ್ಷ ಚುಕ್ಕೆ ಇಟ್ಟ ಬಸವಣ್ಣೆಪ್ಪನವರಿಗೆ ಇದು ಹೊಳೆದಿರಲಿಲ್ಲ. ಇಂದ್ರವ್ವ ಒಳಗೆ ಹೋಗಿ ಕೆಲಸಕ್ಕೆ ಬಾರದ ಕ್ಯಾಸೆಟ್ಟುಗಳ ಡಬ್ಬದಿಂದ ಒಂದನ್ನು ತಂದರು. ಅದರ ಮೇಲೆ ಕೂದಲು ಹರವಿಕೊಂಡ ಹೆಂಗಸಿನ ಚಿತ್ರವಿದೆ. ಒಳಗೆ ನೋಡಿದರೆ ಹಳೆಯ ವಾಡೆ, ಅದರ ಪಡಸಾಲೆಯಲ್ಲಿ ಒಂದು ಎಣ್ಣೆಯ ದೀಪ. ಮನೆಯೆಲ್ಲ ತಿರುಗಿ ಎಣ್ಣೆ ಹುಡುಕಿ ತಂದು ಆಗಾಗ ದೀಪಕ್ಕೆ ಹಾಕುತ್ತಿರಬೇಕು. ಆಟದೊಳಗೆ ಕೋಳಿ ಕೂಗಿ ಬೆಳಗಾದರೆ ಗೆದ್ದಂತೆ. ಬಸವಣ್ಣೆಪ್ಪ ಇದನ್ನು ನಾಲ್ಕು ಸಲ ಪರೀಕ್ಷೆ ಮಾಡಿದ್ದರು. ನಾಲ್ಕು ಸಲವೂ ಯಾವ ದೆವ್ವವೂ ಬರಲಿಲ್ಲ. ಮೋಸದ ಮಾಲು ಎಂದು ಚುಕ್ಕೆಯಿಲ್ಲದೆ ಎಸೆದಿದ್ದರು.

“ಇದನ್ನ ಒಯ್ಯಿ,” ಎಂದರು ಇಂದ್ರವ್ವ. “ಮಧ್ಯಾಹ್ನ ಕಾಳ ಹಸನ ಮಾಡಿದ ಮ್ಯಾಲ ನಾ ಆಡತೇನಿ. ಒಂದ ಸಲಾನೂ ಕಣ್ಣ ಹತ್ತಿಲ್ಲ.”

ನಿಜಗುಣಪ್ಪ ಅದನ್ನೇ ಎತ್ತಿಕೊಂಡು ಹೊರಟ. ಆ ವಾರ ಸಾಹುಕಾರರು ಬೆಳಗಿನ ಜಾವ ಬರುವವರಿದ್ದರು.

ಬಂದರು ಕೂಡ. ಐದು ಗಂಟೆಗೆ ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಿಲ್ಲದೆ ಗೇಟಿನ ಹತ್ತಿರ ಹೋಗಿ ನಿಂತರು. ನಿಜಗುಣಪ್ಪ ಗೇಟಿನ ಬಲ್ಬಿನ ಕೆಳಗೆ ನೆಟ್ಟಗೆ ಕುಳಿತಿದ್ದ. ಕಂಬಳಿ ಮಡಿಸಿದ್ದು ಮಡಿಸಿದಂತೆಯೇ ಇತ್ತು. ಅವನು ತಲೆ ಎತ್ತಲಿಲ್ಲ.

“ಯಾರೋ ಬಂದ್ರಲ್ಲಾ, ಗೇಟ್ ತೆರೀದ ಏನ ಮಾಡಾಕತ್ತಿ?” ಎಂದರು ಸಾಹುಕಾರರು.

“ಸಾಹುಕಾರ್ರ, ನೀವಂತ ಗೊತ್ತಾಗೇತ್ರಿ. ಕಾಂಪೌಂಡಿನ ಆಚೀಕಿಂದ ಬರೂದ ಕೇಳಿಸಿತ್ರಿ. ಒಂದ ಕ್ಷಣಾ ನಿಲ್ರಿ, ದೀಪಾ ಸಣ್ಣ ಆಗೇತಿ.”

ಈ ಭಾಗದ ಮನೆಗಳಲ್ಲಿ ದೀಪ ಆರಿತು ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಶಾಂತವಾಯಿತು ಎನ್ನುತ್ತಾರೆ. ಹಚ್ಚಿದ ದೀಪ ತನ್ನ ಕಾವಲಿನಲ್ಲಿ ಶಾಂತವಾಗಲು ಬಿಡುವುದೆಂದರೆ ಯಾರಿಗೂ ಮನಸ್ಸು ಬಾರದ ಮಾತು. ಸಾಹುಕಾರರು ತಾವೇ ಗೇಟು ಸರಿಸಿ ಒಳಬಂದು, ಬೈಯಲು ಬಾಯಿ ತೆರೆದವರು ಡಬ್ಬಿಯೊಳಗೆ ಬಗ್ಗಿ ನೋಡಿದರು. ಆಮೇಲೆ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕುಳಿತರು. ಮುಕಾದಮ ಚಹ ತಂದಾಗ ಕೇಳಿಸಿದ್ದು ಸಾಹುಕಾರರ ದನಿಯೇ: “ಲೇ, ಅಡಗಿಮನಿಗಿ ಹೋಗು, ಅಲ್ಲೆ ಎಣ್ಣಿ ಗಡಗಿ ಕಾಣತೈತಿ ನೋಡು. ಲಗೂನ ಹಾಕೋ!” ನೌಕರಿ ಉಳಿಯಿತು.

ಆರೂವರೆಗೆ ನಿಜಗುಣಪ್ಪ ಓಣಿಯಲ್ಲಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ತುಂಬಿದ ಬಿಂದಿಗೆ ಹೊತ್ತವರಂತೆ ಮೆಲ್ಲಗೆ ನಡೆದು ಬಂದ. ಹೊರಗೆ ಬೆಳಕು ಹರಿದಿತ್ತು.

“ಬಂದ ಮಾಡಿ ಕೊಡೋ,” ಎಂದರು ಬಸವಣ್ಣೆಪ್ಪ.

“ಹೆಂಗ ಬಂದ ಮಾಡ್ಲಿ ಕಾಕಾ? ಒಳಗ ಇನ್ನೂ ಬೆಳಗ ಆಗಿಲ್ಲ. ನೀವ ಹಿಡೀರಿ.”

ಬಸವಣ್ಣೆಪ್ಪ ಹಿಡಿದರು. ಅವರ ಕೈಯಿಂದ ಇಂದ್ರವ್ವ ಇಸಿದುಕೊಂಡರು. ಪಾಳಿ ಮುಗಿಸಿ ಬಂದ ಬೀರವ್ವ ಕ್ಯಾಸೆಟ್ಟಿನ ಖಾಲಿ ಪೆಟ್ಟಿಗೆ ಎತ್ತಿಕೊಂಡು ಹಿಂಬದಿಯ ಸಣ್ಣ ಇಂಗ್ಲಿಷ್ ಅಕ್ಷರ ಓದಿದಳು. ಆಗ ತಿಳಿಯಿತು, ಇದು ಮೋಸದ ಮಾಲಲ್ಲ. ದೀಪ ಹೋದರೆ ಮಾತ್ರ ಆ ಹೆಂಗಸು ಬರುತ್ತಾಳಂತೆ. ಹೆದರಿಸುವ ಆಟ ಶುರುವಾಗುವುದೇ ಅಲ್ಲಿಂದ; ಬಸವಣ್ಣೆಪ್ಪ ನಾಲ್ಕು ಸಲವೂ ದೀಪ ಶಾಂತವಾಗಲು ಬಿಟ್ಟಿರಲಿಲ್ಲ.

“ಅಣ್ಣಾರ, ಒಮ್ಮೆ ದೀಪಾ ಶಾಂತ ಆಗಾಕ ಬಿಟ್ಟ ನೋಡೂಣ್ರಿ, ಆಕಿ ಹೆಂಗ ಅದಾಳ ಅಂತ,” ಎಂದಳು ಬೀರವ್ವ.

“ಏನ ಮಾತಾಡತೀಯವಾ ಮುಂಜಮುಂಜಾನಿ!” ಎಂದು ಮೂವರೂ ಒಟ್ಟಿಗೇ ಗದರಿದರು. ಏಳೂಕಾಲಿಗೆ ಡಬ್ಬಿಯೊಳಗೆ ಕೋಳಿ ಕೂಗಿತು.

ಅದಾಗಿ ಮೂರು ತಿಂಗಳು ಕಳೆದಿವೆ. ಸವದತ್ತಿಯಿಂದ, ಮುನವಳ್ಳಿಯಿಂದ ಬರುವ ಚೀಟಿಗಳಲ್ಲಿ ಈಗ ಬೇಡಿಕೆ ಇರುವುದು ದೀಪದ ಆಟಕ್ಕೇ. ಅದಕ್ಕೆ ಎಷ್ಟು ಚುಕ್ಕೆ ಇಡಬೇಕೆಂದು ಬಸವಣ್ಣೆಪ್ಪನವರಿಗೆ ಇನ್ನೂ ತಿಳಿದಿಲ್ಲ. ದೆವ್ವವನ್ನು ನೋಡದೆ ಚುಕ್ಕೆ ಇಡುವುದು ಅವರ ಕಸುಬಿಗೆ ಒಪ್ಪುವುದಿಲ್ಲ, ನೋಡುವ ಮನಸ್ಸೂ ಇಲ್ಲ.

“ಮೂವತ್ತರ ಮ್ಯಾಲ ಮಂದಿ ಒಯ್ದ ಆಡ್ಯಾರ್ರಿ,” ಎಂದು ಅವರು ಕ್ಯಾಸೆಟ್ಟನ್ನು ಅಂಗಿಯ ತುದಿಯಿಂದ ಒರೆಸುತ್ತಾರೆ. “ಆಕಿ ಮಾರಿ ಹೆಂಗೈತಿ ಅಂತ ಈ ಸುತ್ತಿನ ಊರಾಗ ಇವತ್ತಿಗೂ ಒಬ್ಬರಿಗೂ ಗೊತ್ತಿಲ್ಲ. ನಾ ಇರೂತನಕ ಗೊತ್ತಾಗೂದ ಬ್ಯಾಡ.”