ಅಪ್ಪ ಬಾಯಿ ತೆರೆದ ದಿನ

ನಾನು ಚಿಕ್ಕವನಿದ್ದಾಗ ಯಾವ ಮಾತನ್ನೂ ವಾದ ಮಾಡದೆ ಒಪ್ಪಿದವನಲ್ಲ. ತಮಿಳುನಾಡಿನ ಪಾಲಕೋಡ್ ಹತ್ತಿರದ ನಮ್ಮ ಶಾಲೆಯಲ್ಲಿ ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತಿದ್ದ ಮೇಷ್ಟ್ರು ಕಲಿಸಿದ್ದೇ ಅದು: ಕಾರಣ ಕೇಳು, ಸಾಕ್ಷಿ ಕೇಳು. ಹಾಗಾಗಿ, ಮಕ್ಕಳ ಹಲ್ಲು ನೋಡಲು ಸರ್ಕಾರದ ಡಾಕ್ಟರಮ್ಮ ಜೀಪಿನಿಂದ ಇಳಿದ ಬೆಳಿಗ್ಗೆ ನಾನು ನನ್ನದೇ ವಾದ ಕಟ್ಟಿಕೊಂಡು ಅಕ್ಕನ ಹತ್ತಿರ ಓಡಿದೆ. ಯಾಕೆ ಗೊತ್ತೇ?

ನಮ್ಮದು ಕುರಿ ಸಾಕುವ ಮನೆ. ಅಪ್ಪ ಸಂತೆಯಲ್ಲಿ ಕುರಿಯ ತುಟಿ ಬಿಡಿಸಿ, ಹಲ್ಲು ನೋಡಿಯೇ ಅದರ ವಯಸ್ಸು ಹೇಳುತ್ತಿದ್ದ. ಹಲ್ಲು ಕೆಟ್ಟ ಕುರಿ ಮೇಯಲಾರದು. ಮುಂದಿನ ಸಂತೆಗೆ ಅದು ಕಟುಕರ ಪಾಲು. ಅಕ್ಕನ ದವಡೆ ಹಲ್ಲೋ ಹುಳುಕಾಗಿತ್ತು. ಕಡಲೆಕಾಯಿ ಕಚ್ಚಲಾರಳು, ತಣ್ಣೀರು ತಾಗಿದರೂ ಅಳುವಳು. ಇನ್ನೇನು ಉಳಿಯಿತು?

“ಅಕ್ಕಾ, ಓಗ್ಬ್ಯಾಡ! ಅಲ್ಲು ನೋಡೋದು ಮಾರಾಕೇಯ.”

“ಸುಮ್ಕಿರ್ಲಾ! ನಿನ್ನ ಕೊಂಡೋರು ಈ ಬಾಯಿ ತಡೀನಾರ್ದೆ ಸಂಜೀಗೇ ವಾಪಸ್ ತಂದ್ಬಿಡ್ತಾರೆ.”

ಹೀಗೆಂದವಳು ತನ್ನ ಸರದಿ ಬಂದಾಗ ತುಟಿ ಬಿಗಿದು ಕೂತುಬಿಟ್ಟಳು. ಮೇಷ್ಟ್ರು ಬಯಲಿನಲ್ಲಿದ್ದ ಅಪ್ಪನಿಗೆ ಹೇಳಿಕಳಿಸಿದರು.

ಅಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಕುರಿವಾಸನೆಯ ಜೊತೆಗೇ ಬಂದ. ವರಾಂಡದ ತುಂಬ ಲವಂಗದೆಣ್ಣೆಯ ಘಾಟು. ಸ್ಟವ್ ಮೇಲೆ ಪುಟ್ಟ ಪುಟ್ಟ ಚಿಮುಟಗಳು ಕುದಿಯುತ್ತಿದ್ದವು. ಡಾಕ್ಟರಮ್ಮ ಕಡ್ಡಿಯ ತುದಿಯ ಕನ್ನಡಿ ಹಿಡಿದು, “ಆ ಕಾಟ್ಟು ಕಣ್ಣು,” ‘ಆ’ ಅಂತ ಬಾಯಿ ತೋರಿಸು ಕಂದಾ, ಎಂದು ತಮಿಳಿನಲ್ಲಿ ರಮಿಸುತ್ತಿದ್ದರು. ಅಕ್ಕ ಜಪ್ಪಯ್ಯ ಅನ್ನಲಿಲ್ಲ.

ಅಪ್ಪ ಅವಳ ಬಿಗಿದ ತುಟಿ ನೋಡಿದ. ಆಮೇಲೆ ಕಂಬಳಿ ಕೆಳಗಿಟ್ಟು, ಪಕ್ಕದ ಬೆಂಚಿನ ಮೇಲೆ ಕೂತ.

“ಮೊದ್ಲು ನಂದು ನೋಡ್ರವ್ವ,” ಎಂದು ಅಗಲವಾಗಿ ಬಾಯಿ ತೆರೆದ.

ನಾನು ದಂಗಾದೆ. ಸಂತೆಯಲ್ಲಿ ಮಾರುವವನು ತನ್ನ ಬಾಯಿ ತೆರೆದದ್ದನ್ನು ಯಾರಾದರೂ ಕಂಡಿದ್ದಾರೆಯೇ? ನನ್ನ ವಾದ ಅಲ್ಲೇ ಮಕಾಡೆ ಬಿತ್ತು. ಅಕ್ಕ ಕಿಸಕ್ಕನೆ ನಕ್ಕಳು; ನಕ್ಕಾಗ ತುಟಿ ತೆರೆಯಿತು.

ಹೊಲಿಗೆ ಮಿಷನ್ನಿನಂತೆ ಕಾಲಲ್ಲಿ ತುಳಿದು ಹಲ್ಲು ಕೊರೆಯುವ ಯಂತ್ರ ಗುಂಯ್‌ಗುಟ್ಟಿತು. ಅಕ್ಕ ಅಪ್ಪನ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು. ಎಲ್ಲ ಮುಗಿದ ಮೇಲೆ ಡಾಕ್ಟರಮ್ಮ ನನ್ನನ್ನೂ ಕರೆದು ಕನ್ನಡಿಯಲ್ಲಿ ತೋರಿಸಿದರು. ಕರೀ ಗುಳಿ ಇದ್ದಲ್ಲಿ ಅವರು ತುಂಬಿದ ಬೆಳ್ಳಿಯ ಚುಕ್ಕಿಯೊಂದು ಮಿನುಗುತ್ತಿತ್ತು. ಕತ್ತಲ ಗುಹೆಯೊಳಗೆ ನಕ್ಷತ್ರ ಇಟ್ಟ ಹಾಗೆ! ನನ್ನ ಬಾಯಿಯೂ ತಾನಾಗಿ ತೆರೆದುಕೊಂಡಿತು.

“ಕೆಟ್ಟ ಅಲ್ಲೂ ಉಳೀತೈತಾ?” ಅಪ್ಪ ಮತ್ತೆ ಮತ್ತೆ ಬಗ್ಗಿ ನೋಡಿದ. “ಇಷ್ಟು ಕಾಲ ಕುರಿ ಬಾಯೇ ನೋಡ್ದೆ. ನಿನ್ ಬಾಯಿ ನೋಡ್ನಿಲ್ವಲ್ಲವ್ವ.”

ಮಕ್ಕಳೇ, ಈಗ ನಿಮ್ಮ ಶಾಲೆಗೆ ಹಲ್ಲಿನ ವ್ಯಾನೇ ಬರುತ್ತದೆ. ಅದರೊಳಗೆ ಮಲಗುವ ಕುರ್ಚಿ, ಹಗಲಿನಂಥ ದೀಪ, ಪರದೆಯ ಮೇಲೆ ಬಂಡೆಯಷ್ಟು ದೊಡ್ಡದಾಗಿ ನಿಮ್ಮದೇ ಹಲ್ಲು. ನೀವೋ ಮನೆಗೆ ಬಂದು “ಬೋರು ತಾತಾ” ಎನ್ನುತ್ತೀರಿ. ಇರಲಿ, ನನ್ನ ಮಾತನ್ನೂ ಸುಮ್ಮನೆ ನಂಬಬೇಡಿ, ಸಾಕ್ಷಿ ಕೇಳಿ. ನನ್ನ ಅಕ್ಕನನ್ನು, ಅಂದರೆ ನಿಮ್ಮ ದೊಡ್ಡಜ್ಜಿಯನ್ನು ಜೋರಾಗಿ ನಗಿಸಿ. ಎಡಗಡೆ, ಕೆಳಗೆ, ಒಳಗೆ ನೋಡಿ. ಆ ಚುಕ್ಕಿ ಇನ್ನೂ ಮಿನುಗುತ್ತಿದೆ.